ಅಂಗುಳಕ್ಕೆ ಚುಚ್ಚುವ ಸೂಜಿ ಯಾಕಷ್ಟು ನೋಯುತ್ತದೆ? ಅದಕ್ಕೆ ಗೊತ್ತಾದ ಜಾಗ ಇದೆಯಾ?

ಪ್ರಶ್ನೆ: ಸಾರ್, ನಾನು ಮಂಡ್ಯ ಹತ್ತಿರದ ಹಳ್ಳಿಯವಳು. ವಯಸ್ಸು 38. ಹೋದ ವರ್ಷ ಬಲಗಡೆ ಮೇಲಿನ ದವಡೆ ಹಲ್ಲು ಕೀಳಿಸಿದೆ. ಕೆನ್ನೆ ಕಡೆ ಕೊಟ್ಟ ಇಂಜೆಕ್ಷನ್ ಅಷ್ಟೇನೂ ನೋಯಲಿಲ್ಲ. ಆಮೇಲೆ ಅಂಗುಳಕ್ಕೆ ಒಂದು ಕೊಟ್ಟರು ನೋಡಿ, ಕಣ್ಣಲ್ಲಿ ನೀರು ಬಂತು. ಗಂಟಲ ಹತ್ತಿರವೆಲ್ಲ ಜೋಮು ಹಿಡಿದು ಉಗುಳು ನುಂಗೋಕೂ ಭಯವಾಯ್ತು. ಎರಡು ದಿನ ಬಿಟ್ಟು ಚುಚ್ಚಿದ ಜಾಗದಲ್ಲಿ ಹುಣ್ಣಾಯ್ತು. ವಾಸಿಯಾಗಲು ಎರಡು ವಾರ ಹಿಡಿಯಿತು. ಈಗ ಮೇಲಿನ ಮುಂದಿನ ಹಲ್ಲೊಂದು ಬೇರಿನ ತನಕ ಸೀಳಿದೆ, ತೆಗೆಸಲೇಬೇಕಂತೆ. ಮತ್ತೆ ಅಂಗುಳಕ್ಕೆ ಚುಚ್ಚಬೇಕು ಅಂದಿದ್ದಾರೆ. ಹಲ್ಲಿಗೆ ಜೋಮು ಬರಿಸೋಕೆ ಅಂಗುಳಕ್ಕೆ ಯಾಕೆ ಸೂಜಿ? ಅದಕ್ಕೆ ಗೊತ್ತಾದ ಜಾಗ ಅಂತ ಇದೆಯಾ, ಕಂಡಲ್ಲಿ ಚುಚ್ಚುತ್ತಾರಾ? ತಪ್ಪಿಸೋಕೆ ಆಗಲ್ವಾ? ಇನ್ನೊಂದು ವಿಷಯ. ನಮ್ಮತ್ತೆಗೆ ಹಲ್ಲಿನ ಸೆಟ್ಟು ಹಾಕಿಕೊಂಡರೆ ಮುಂದೆ ಅಂಗುಳ ಉರಿಯುತ್ತದಂತೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ಮೊದಲು ಒಂದು ಮಾತು. ನಿಮಗೆ ಆದದ್ದು ನಿಜವಾದ ನೋವು. ನೀವು ಹೆದರುಪುಕ್ಕಲರೇನಲ್ಲ. ಬಾಯೊಳಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ಜಾಸ್ತಿ ನೋಯುವುದು ಅಂಗುಳದ್ದೇ. ಕಬ್ಬು ಕಡಿಯುವಾಗ ಕೈಗೆ ಮಚ್ಚು ತಾಗಿ ಹೊಲಿಗೆ ಹಾಕಿಸಿಕೊಂಡವರು ಕೂಡ ಮೈಸೂರಿನಲ್ಲಿ ನನ್ನ ಕುರ್ಚಿ ಮೇಲೆ ಕೂತು, ‘ಅಂಗುಳಕ್ಕೆ ಮಾತ್ರ ಬೇಡ ಸಾರ್’ ಅಂದಿದ್ದಾರೆ. ಆದರೆ ಆ ನೋವನ್ನು ತುಂಬ ಕಡಿಮೆ ಮಾಡಬಹುದು. ಅದಕ್ಕೆ ಚುಚ್ಚುವವರಿಗೆ ಅಂಗುಳದ ಗುರುತುಗಳು ಗೊತ್ತಿರಬೇಕು, ಜೊತೆಗೆ ತಾಳ್ಮೆ ಇರಬೇಕು. ಆ ಗುರುತುಗಳನ್ನು ನಿಮಗೂ ತೋರಿಸಿಕೊಡುತ್ತೇನೆ. ನಿಮ್ಮ ನಾಲಿಗೆಯೇ ಸಾಕು.

ಎರಡು ಕಡೆ ಯಾಕೆ ಚುಚ್ಚುತ್ತಾರೆ ಅನ್ನೋದನ್ನು ಮಂಡ್ಯದವರಿಗೆ ಹೇಳೋದು ಸುಲಭ. ವಿಶ್ವೇಶ್ವರಯ್ಯ ನಾಲೆ ಒಂದೇ. ಆದರೆ ನಿಮ್ಮ ಗದ್ದೆಗೆ ನೀರು ಬರುವ ಕಾಲುವೆ ಬೇರೆ, ಬದುವಿನ ಆಚೆ ಗದ್ದೆಗೆ ಬರುವ ಕಾಲುವೆ ಬೇರೆ. ಒಂದನ್ನು ಕಟ್ಟಿದರೆ ಇನ್ನೊಂದು ನಿಲ್ಲುವುದಿಲ್ಲ. ಮೇಲ್ದವಡೆಗೆ ಹೋಗುವ ದೊಡ್ಡ ನರವೂ ಹಾಗೇ. ಅದರ ಕೆಲವು ಕವಲು ಕೆನ್ನೆ ಕಡೆಯಿಂದ ಬಂದು ಹಲ್ಲಿನ ಒಳಕ್ಕೆ, ಹೊರಗಿನ ಒಸಡಿಗೆ ಹೋಗುತ್ತವೆ. ಬೇರೆ ಕವಲುಗಳು ಮೂಳೆಯೊಳಗಿನ ತೂತುಗಳಿಂದ ಅಂಗುಳಕ್ಕೆ ಇಳಿದು ಒಳಗಿನ ಒಸಡಿಗೆ ಬರುತ್ತವೆ. ಕೆನ್ನೆ ಕಡೆ ಕೊಟ್ಟ ಔಷಧಿಯಿಂದ ಹಲ್ಲು ಜೋಮು ಹಿಡಿಯುತ್ತದೆ. ಒಳಗಿನ ಒಸಡು ಮಾತ್ರ ಎಚ್ಚರವಾಗಿಯೇ ಇರುತ್ತದೆ. ಇಕ್ಕಳ ಹಲ್ಲನ್ನು ಹಿಡಿಯುವುದು ಎರಡೂ ಕಡೆಯಿಂದ. ಒಳಗಡೆ ಜೋಮು ಇಲ್ಲದಿದ್ದರೆ ಒಸಡು ಸರಿಸುವಾಗಲೇ ನೀವು ಕುರ್ಚಿಯಿಂದ ಏಳುತ್ತೀರಿ. ಬರೀ ಹುಳುಕು ತುಂಬಿಸೋಕೆ ಸಾಮಾನ್ಯವಾಗಿ ಅಂಗುಳದ ಇಂಜೆಕ್ಷನ್ ಬೇಕಾಗುವುದಿಲ್ಲ. ಅಲ್ಲಿ ಒಳಗಿನ ಒಸಡನ್ನು ಯಾರೂ ಮುಟ್ಟುವುದಿಲ್ಲ ಅಲ್ವಾ? ಕೀಳುವಾಗ ಮುಟ್ಟಲೇಬೇಕು.

ಈಗ ಬಾಯಿ ಮುಚ್ಚಿಕೊಂಡು, ನಮ್ಮ ಅಕ್ಷರಮಾಲೆಯನ್ನು ನೆನಪಿಸಿಕೊಳ್ಳಿ. ಅಂಗುಳವನ್ನು ನಮ್ಮ ಹಿರಿಯರು ತಾಲು ಅಂದರು. ಅಲ್ಲಿ ಹುಟ್ಟುವ ಚ, ಜ ಅಕ್ಷರಗಳಿಗೆ ತಾಲವ್ಯ ಅಂತ ಹೆಸರಿಟ್ಟರು. ನಾಲಿಗೆ ಎಲ್ಲಿ ತಾಗಿದರೆ ಯಾವ ಅಕ್ಷರ ಅಂತ ಅವರು ಮಾಡಿದ ಲೆಕ್ಕ ನಮಗೆ ಇವತ್ತು ನಕ್ಷೆಯ ಹಾಗೆ ಕೆಲಸಕ್ಕೆ ಬರುತ್ತದೆ.

‘ತ’ ಅನ್ನಿ. ನಾಲಿಗೆಯ ತುದಿ ಮೇಲಿನ ಬಾಚಿ ಹಲ್ಲುಗಳ ಹಿಂಬದಿಗೆ ತಾಗಿತು. ಅಲ್ಲಿಂದ ಕೂದಲೆಳೆಯಷ್ಟು ಮೇಲಕ್ಕೆ, ಹಿಂದಕ್ಕೆ ಸರಿಸಿ. ನಟ್ಟನಡುವೆ, ಎರಡು ಮುಂದಿನ ಹಲ್ಲುಗಳ ಸಂದಿಗೆ ಸರಿಯಾಗಿ, ಅಕ್ಕಿಕಾಳಿನಂಥ ಒಂದು ಮೆತ್ತನೆಯ ಉಬ್ಬು ಸಿಗುತ್ತದೆ. ಸಿಕ್ಕಿತಾ? ಇದಕ್ಕೆ ನಾವು ಇನ್ಸಿಸಿವ್ ಪ್ಯಾಪಿಲ್ಲಾ ಅನ್ನುತ್ತೇವೆ. ಬಿಸಿ ಮುದ್ದೆ ನುಂಗಿ ಅಂಗುಳ ಸುಟ್ಟುಕೊಂಡಾಗ ಕೆಲವು ಸಲ ಊದಿಕೊಳ್ಳುವುದು ಇದೇ ಉಬ್ಬು. ಇದರ ಕೆಳಗೆ ಮೂಳೆಯಲ್ಲಿ ಒಂದು ಕುಳಿ ಇದೆ. ಮೂಗಿನ ಒಳಗಿಂದ ಇಳಿದು ಬರುವ ಎಡ ಬಲ ನರಗಳೆರಡೂ ಆ ಒಂದೇ ಕುಳಿಯಿಂದ ಹೊರಬರುತ್ತವೆ. ಒಂದು ಕಡೆಯ ಕೋರೆ ಹಲ್ಲಿನಿಂದ ಇನ್ನೊಂದು ಕಡೆಯ ಕೋರೆ ಹಲ್ಲಿನವರೆಗೆ ಅಂಗುಳದ ಮುಂಭಾಗಕ್ಕೆಲ್ಲ ಇವೇ. ನಿಮ್ಮ ಸೀಳಿದ ಹಲ್ಲಿಗೆ ಈ ಸಲ ಬೇಕಾದದ್ದು ಈ ಜಾಗ.

ಇನ್ನು ‘ಚ’ ಅನ್ನಿ. ನಾಲಿಗೆ ತಾಗಿದ್ದು ಉಳುಮೆ ಸಾಲಿನ ಹಾಗೆ ಅಡ್ಡಡ್ಡ ಗೆರೆಗಳಿರುವ ಜಾಗಕ್ಕೆ. ಈ ಗೆರೆಗಳು ಒಬ್ಬರಂತೆ ಇನ್ನೊಬ್ಬರಿಗಿರುವುದಿಲ್ಲ. ‘ಳ’ ಅನ್ನುವಾಗ ನಾಲಿಗೆ ಮಡಚಿ ಇನ್ನೂ ಮೇಲೆ, ಕಮಾನಿನ ನಯವಾದ ಭಾಗಕ್ಕೆ ಹೋಗುತ್ತದೆ. ಅಲ್ಲಿ ಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಗೆರೆ ಇದೆ. ಅದು ಎಡ ಬಲ ಮೂಳೆಗಳು ಕೂಡಿದ ಬೆಸುಗೆ. ಗಟ್ಟಿ ಅಂಗುಳ ಅಂದರೆ ಒಂದೇ ಮೂಳೆ ಅಲ್ಲ, ನಾಲ್ಕು ತುಂಡು. ಮುಂದಿನ ಎರಡು ದೊಡ್ಡ ತುಂಡು ಮೇಲ್ದವಡೆಯ ಮೂಳೆಯವು. ಹಿಂದಿನ ಎರಡು ಚಿಕ್ಕವು ಬೇರೆ ಮೂಳೆಯವು. ನಾಲ್ಕೂ ಸೇರುವ ಕಡೆ ಕೂಡಿಸುವ ಲೆಕ್ಕದ ಪ್ಲಸ್ ಗುರುತಿನಂಥ ಬೆಸುಗೆ ಕಾಣುತ್ತದೆ. ಕೆಲವರಿಗೆ ನಡುಗೆರೆಯ ಮೇಲೆ ಗಟ್ಟಿ ಮೂಳೆಯ ಗಂಟು ಇರುತ್ತದೆ. ಅದನ್ನು ಕನ್ನಡಿಯಲ್ಲಿ ನೋಡಿ ಗೆಡ್ಡೆ ಅಂತ ಹೆದರಿ ಓಡಿ ಬರುವವರಿದ್ದಾರೆ. ಅದು ಕಾಯಿಲೆಯಲ್ಲ. ಆದರೂ ಹೊಸದಾಗಿ ಕಂಡ ಯಾವ ಗಂಟನ್ನಾದರೂ ಒಮ್ಮೆ ತೋರಿಸಿಬಿಡಿ.

ಈಗ ‘ಕ’ ಅನ್ನಿ. ನಾಲಿಗೆಯ ಬುಡ ಎದ್ದು ಮೆತ್ತನೆಯ ಅಂಗುಳಕ್ಕೆ ತಾಗಿತು. ಅಲ್ಲಿ ಮೂಳೆ ಇಲ್ಲ. ಕನ್ನಡಿ ಮುಂದೆ ‘ಆ’ ಅಂದರೆ ಮೇಲೆ ಎದ್ದು ಕುಣಿಯುವುದು ಈ ಭಾಗ. ಕುಣಿಯುವುದು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಗಟ್ಟಿ ಅಂಗುಳ ಮುಗಿಯಿತು ಅಂತ ಹೆಚ್ಚುಕಮ್ಮಿ ಲೆಕ್ಕ. ಈ ಗಡಿಯನ್ನು ನೆನಪಿಟ್ಟುಕೊಳ್ಳಿ. ಹೋದ ವರ್ಷದ ನಿಮ್ಮ ಗಂಟಲಿನ ಜೋಮಿಗೆ ಕಾರಣ ಈ ಗಡಿಯ ಹತ್ತಿರವೇ ಇದೆ.

ಉಳಿದದ್ದು ಮುಖ್ಯವಾದ ಜಾಗ. ಅದು ನಾಲಿಗೆಗಿಂತ ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಕೈ ತೊಳೆದುಕೊಂಡು ತೋರುಬೆರಳನ್ನು ಒಳಗಡೆಯಿಂದ ದವಡೆ ಹಲ್ಲಿನ ಒಸಡಿನ ಮೇಲಿಡಿ. ಅಲ್ಲಿಂದ ಇಳಿಜಾರು ಮೇಲೇರಿ ಕಮಾನಿನ ಚಪ್ಪಟೆ ಭಾಗಕ್ಕೆ ಸೇರುತ್ತದೆ. ಗೋಡೆ ಮತ್ತು ಸೂರು ಕೂಡುವ ಮೂಲೆ ಅಂದುಕೊಳ್ಳಿ. ಆ ಮೂಲೆ ಹಿಡಿದು ನಿಧಾನಕ್ಕೆ ಹಿಂದಕ್ಕೆ ಹೋದರೆ, ಎರಡನೇ ದವಡೆ ಹಲ್ಲು ದಾಟಿ ಮೂರನೆಯದರ, ಅಂದರೆ ಬುದ್ಧಿ ಹಲ್ಲಿನ ಹತ್ತಿರ, ಒಂದು ಕಡೆ ಒಳಕ್ಕೆ ತಗ್ಗಿದ ಹಾಗೆ ಮೆತ್ತಗೆ ಸಿಗುತ್ತದೆ. ಅದರ ಕೆಳಗೆ ಇರುವುದೇ ಗ್ರೇಟರ್ ಪ್ಯಾಲಟೈನ್ ಫೊರಾಮೆನ್ ಅನ್ನುವ ತೂತು. ದೊಡ್ಡವರಲ್ಲಿ ನಡುಗೆರೆಯಿಂದ ಸುಮಾರು 15 ಮಿಲಿಮೀಟರ್ ದೂರ. ತುಂಬ ಹಿಂದಕ್ಕೆ ಹೋಗಬೇಡಿ, ವಾಕರಿಕೆ ಬರುತ್ತದೆ.

ಈ ತೂತನ್ನು ನಾನು ತೂಬು ಅಂತಲೇ ಕರೆಯುತ್ತೇನೆ. ಇಲ್ಲಿಂದ ಹೊರಬಂದ ನರ ಮುಂದಕ್ಕೆ ಹರಿದು, ದವಡೆ ಹಲ್ಲುಗಳಿಂದ ಮುಂದವಡೆ ಹಲ್ಲುಗಳವರೆಗೆ ಆ ಕಡೆಯ ಅರ್ಧ ಅಂಗುಳಕ್ಕೆ ಹೋಗುತ್ತದೆ. ಜೊತೆಗೇ ಒಂದು ರಕ್ತನಾಳವೂ ಹರಿಯುತ್ತದೆ. ತೂಬಿನ ಬಾಯಲ್ಲಿ ಸ್ವಲ್ಪ ಔಷಧಿ ಬಿಟ್ಟರೆ ಕೆಳಗಿನ ಗದ್ದೆಗೆಲ್ಲ ನೀರು ನಿಂತ ಹಾಗೆ. ಒಂದೊಂದು ಹಲ್ಲಿಗೂ ಬೇರೆ ಬೇರೆ ಚುಚ್ಚಬೇಕಾಗಿಲ್ಲ. ಕೋರೆ ಹಲ್ಲಿನ ಸುತ್ತ ಮಾತ್ರ ಎರಡು ತೂಬಿನ ನೀರೂ ಬೆರೆಯುತ್ತದೆ. ಹಿಂದಿನದೂ ಬರುತ್ತದೆ, ಮುಂದಿನ ಉಬ್ಬಿನದೂ ಬರುತ್ತದೆ. ಅಲ್ಲಿ ಒಂದು ಸಾಲದೆ ಇನ್ನೊಂದು ಹನಿ ಬೇಕಾದರೆ ಡಾಕ್ಟರ್ ತಪ್ಪು ಮಾಡಿದರು ಅಂದುಕೊಳ್ಳಬೇಡಿ.

ಈ ದೊಡ್ಡ ತೂಬಿನ ಹಿಂದೆಯೇ, ಗಟ್ಟಿ ಅಂಗುಳದ ಕೊನೆಯಲ್ಲಿ, ಒಂದೆರಡು ಸಣ್ಣ ತೂತುಗಳಿವೆ. ಅವುಗಳಿಂದ ಬರುವ ಸಣ್ಣ ನರಗಳು ಮೆತ್ತನೆಯ ಅಂಗುಳಕ್ಕೆ ಹೋಗುತ್ತವೆ. ಸೂಜಿ ಸ್ವಲ್ಪ ಹಿಂದೆ ಬಿದ್ದರೂ, ಔಷಧಿ ಜಾಸ್ತಿಯಾಗಿ ಹಿಂದಕ್ಕೆ ಹರಿದರೂ ಆ ಭಾಗವೂ ಮರಗಟ್ಟುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ನುಂಗೋಕೆ ಆಗದ ಹಾಗೆ ಅನ್ನಿಸುತ್ತದೆ. ನಿಮಗೆ ಆದದ್ದು ಇದೇ ಇರಬೇಕು. ಇದರಿಂದ ಉಸಿರು ಕಟ್ಟುವುದಿಲ್ಲ. ಔಷಧಿ ಇಳಿದ ಮೇಲೆ ತಾನಾಗಿ ಸರಿಹೋಗುತ್ತದೆ. ಆದರೆ ಇದನ್ನು ರೋಗಿಗೆ ಆಗಲೇ ಹೇಳಬೇಕು. ಹೇಳದೆ ಬಿಟ್ಟರೆ ಆ ಹೊತ್ತಿನ ಗಾಬರಿ ಚಿಕ್ಕದಲ್ಲ.

ಸರಿ, ನೋವು ಯಾಕೆ? ಕೆನ್ನೆಯ ಒಳಗಿನ ಚರ್ಮವನ್ನು ಬೆರಳಲ್ಲಿ ಎಳೆದು ನೋಡಿ, ಬರುತ್ತದೆ. ಅಂಗುಳದ್ದನ್ನು ಎಳೆಯೋಕೆ ಆಗುವುದಿಲ್ಲ. ಅದು ಮೂಳೆಗೆ ಅಂಟಿಕೊಂಡೇ ಬೆಳೆದಿದೆ. ಬಿಸಿ ಮುದ್ದೆ, ಗರಿಗರಿ ಮದ್ದೂರು ವಡೆ, ಎಲ್ಲದರ ಉಜ್ಜಾಟ ತಡೆದುಕೊಳ್ಳಬೇಕಲ್ಲ, ಅದಕ್ಕೆ ಹಾಗಿದೆ. ಇಂಥ ಕಡೆ ಔಷಧಿಗೆ ಹೋಗಲು ಜಾಗವೇ ಇಲ್ಲ. ಗೋಡೆಯ ಗಾರೆ ಹಿಂದೆ ನೀರು ತುಂಬಿಸಿದ ಹಾಗೆ, ಅದು ಚರ್ಮವನ್ನು ಮೂಳೆಯಿಂದ ಕಿತ್ತುಕೊಂಡು ಜಾಗ ಮಾಡಿಕೊಳ್ಳಬೇಕು. ಜಾಸ್ತಿ ನೋವು ಸೂಜಿ ಮೊನೆಯದ್ದಲ್ಲ, ಔಷಧಿಯ ಒತ್ತಡದ್ದು. ಬೇಗ ಒತ್ತಿದಷ್ಟೂ ಜಾಸ್ತಿ ನೋವು.

ಔಷಧಿ ಬದಲಾದರೆ ಈ ನೋವು ಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. 1884ರಲ್ಲಿ ಕೊಕೇನ್‌ನಿಂದ ಶುರುವಾದ ಈ ವಿದ್ಯೆ, 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೋಕೇನ್ ತಯಾರಿಸಿದ ಮೇಲೆ ಎಷ್ಟೋ ಸುರಕ್ಷಿತವಾಯಿತು. ಇವತ್ತಿಗೂ ನಾವು ದಿನಾ ಬಳಸುವುದು ಅದನ್ನೇ. ಆದರೆ ಎಂಥ ಒಳ್ಳೆಯ ಔಷಧಿಯಾದರೂ ಅಂಗುಳದಲ್ಲಿ ಜಾಗ ಹುಟ್ಟಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಕೈ.

ಹಿಂದಿನ ತೂಬಿನ ಹತ್ತಿರ ಚರ್ಮದ ಕೆಳಗೆ ಜೊಲ್ಲಿನ ಸಣ್ಣ ಗ್ರಂಥಿಗಳಿವೆ. ಹಾಗಾಗಿ ಅಲ್ಲಿ ದಪ್ಪ ಸ್ವಲ್ಪ ಜಾಸ್ತಿ, ಔಷಧಿಗೆ ಸ್ವಲ್ಪ ಜಾಗ ಸಿಗುತ್ತದೆ. ಸರಿಯಾದ ಜಾಗ ಹುಡುಕಿ ಚುಚ್ಚಿದರೆ ನೋವು ಕಡಿಮೆ ಅನ್ನೋದಕ್ಕೆ ಇದೂ ಒಂದು ಕಾರಣ. ಮುಂದಿನ ಉಬ್ಬಿನ ಹತ್ತಿರ ಆ ಅನುಕೂಲ ಇಲ್ಲ. ನಿಮ್ಮಿಂದ ಮುಚ್ಚಿಡುವುದಿಲ್ಲ, ಇಡೀ ಅಂಗುಳದಲ್ಲಿ ಸೂಕ್ಷ್ಮವಾದ ಜಾಗ ಅದು. ಅದಕ್ಕೇ ಅಲ್ಲಿ ಒಂದು ಕ್ರಮ ಇದೆ. ಮೊದಲು ತುಟಿ ಕಡೆ ಇಂಜೆಕ್ಷನ್ ಕೊಟ್ಟು ಕಾಯಬೇಕು. ಆಮೇಲೆ ಆಗಲೇ ಜೋಮು ಹಿಡಿದಿರುವ ಎರಡು ಹಲ್ಲಿನ ಸಂದಿಯ ಒಸಡಿನ ಮೂಲಕ ನಿಧಾನಕ್ಕೆ ಒಳಕ್ಕೆ ಹನಿ ಬಿಡಬೇಕು. ಒಳಗಿನ ಒಸಡು ಬಿಳಿಚಿಕೊಳ್ಳುತ್ತಾ ಬರುತ್ತದೆ. ಕೊನೆಗೆ ಬೇಕಾದರೆ ಮಾತ್ರ ಅಂಗುಳದ ಕಡೆಯಿಂದ, ಅದೂ ಉಬ್ಬಿನ ನೆತ್ತಿಗೆ ಚುಚ್ಚದೆ ಅದರ ಪಕ್ಕದಲ್ಲಿ. ಆಗ ನಿಮಗೆ ತಿಳಿಯುವುದು ಒತ್ತಿದ ಹಾಗೆ ಅಷ್ಟೇ. ಸೂಜಿ ಸುಮಾರು 5 ಮಿಲಿಮೀಟರ್‌ಗಿಂತ ಆಳಕ್ಕೆ ಹೋಗುವ ಅಗತ್ಯ ಇಲ್ಲ. ಮೇಲಕ್ಕೆ ಹೋದರೆ ಅದು ಮೂಗಿನ ದಾರಿ.

ಔಷಧಿ ಎಷ್ಟು ಬೇಕು ಗೊತ್ತಾ? ಮುಂದೆ 0.3ರಿಂದ 0.45 ಮಿಲಿ, ಹಿಂದೆ ಅರ್ಧ ಮಿಲಿ ಆಸುಪಾಸು. ಅಷ್ಟೇ ಸಾಕು. ನಮ್ಮಲ್ಲಿ ಜಾಸ್ತಿ ಬಳಸುವುದು 30 ಮಿಲಿ ಬಾಟಲಿನಿಂದ ಸಿರಿಂಜಿಗೆ ಎಳೆದುಕೊಳ್ಳುವ ಔಷಧಿ. 2 ಮಿಲಿ ಸಿರಿಂಜ್ ತುಂಬ ತುಂಬಿಕೊಂಡು ನಿಂತಾಗ 0.3 ಎಲ್ಲಿಗೆ ಮುಗಿಯಿತು ಅನ್ನುವ ಅಂದಾಜು ಕೈತಪ್ಪುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಹೌಸ್ ಸರ್ಜನ್‌ಗಳಿಗೆ ಹೇಳುವುದು ಇದನ್ನೇ. ಅಂಗುಳಕ್ಕೆ ಅಂತ ಬೇರೆಯಾಗಿ, ಬೇಕಾದಷ್ಟೇ ತುಂಬಿಕೊಳ್ಳಿ.

ನಿಮ್ಮ ಹುಣ್ಣಿನ ಮೂಲವೂ ಬಹುಶಃ ಇಲ್ಲೇ ಇದೆ. ಔಷಧಿಯಲ್ಲಿ ಅಡ್ರಿನಲಿನ್ ಬೆರೆಸಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ 80,000 ಪಾಲಿಗೆ ಒಂದು ಪಾಲು. ಅದು ರಕ್ತನಾಳಗಳನ್ನು ಬಿಗಿಮಾಡುತ್ತದೆ. ಅದರಿಂದ ಜೋಮು ಜಾಸ್ತಿ ಹೊತ್ತು ನಿಲ್ಲುತ್ತದೆ, ರಕ್ತ ಕಡಿಮೆ ಹೋಗುತ್ತದೆ. ಆದರೆ ಬಿಗಿಯಾದ ಅಂಗುಳದಲ್ಲಿ ಜಾಸ್ತಿ ಔಷಧಿ ಜೋರಾಗಿ ತುಂಬಿದರೆ ಆ ಚೂರು ಜಾಗಕ್ಕೆ ರಕ್ತ ಹೋಗುವುದೇ ನಿಲ್ಲುತ್ತದೆ. ಆ ಚರ್ಮ ಸತ್ತು ಉದುರಿ ಹುಣ್ಣಾಗುತ್ತದೆ. ಎರಡು ವಾರದಲ್ಲಿ ನಿಮಗೆ ವಾಸಿಯಾದ ಹಾಗೆ ಸಾಮಾನ್ಯವಾಗಿ ತಾನೇ ಮಾಯುತ್ತದೆ. ಇಂಥ ಹುಣ್ಣಿಗೆ ಸುಣ್ಣ, ಹೊಗೆಸೊಪ್ಪು, ಲವಂಗದೆಣ್ಣೆ ಏನನ್ನೂ ಹಚ್ಚಬೇಡಿ. ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ ಸಾಕು. ಎರಡು ವಾರ ದಾಟಿಯೂ ಬಾಯಲ್ಲಿ ಯಾವ ಹುಣ್ಣೇ ಉಳಿದರೂ ತೋರಿಸಲೇಬೇಕು. ಮನೆಯಲ್ಲಿ ಹೊಗೆಸೊಪ್ಪು ಹಾಕುವವರಿದ್ದರೆ ಅವರಿಗೆ ಈ ಮಾತನ್ನು ಎರಡು ಸಲ ಹೇಳಿ.

ನನ್ನ ಮೊದಲ ಅಂಗುಳದ ಇಂಜೆಕ್ಷನ್ ನನಗೆ ಈಗಲೂ ನೆನಪಿದೆ. ಪಾಂಡವಪುರ ಕಡೆಯ ಒಬ್ಬ ಅಜ್ಜ. ನಾನು ಗಾಬರಿಯಲ್ಲಿ ಬೇಗ ಮುಗಿಸಿಬಿಡೋಣ ಅಂತ ಒತ್ತಿದೆ. ಅಜ್ಜ ಕೂಗಲಿಲ್ಲ, ನನ್ನ ಮುಂಗೈ ಹಿಡಿದುಕೊಂಡರು. ಆ ಹಿಡಿತದಲ್ಲೇ ಅವರ ನೋವು ನನಗೆ ಗೊತ್ತಾಯಿತು. ಅವತ್ತು ಸಂಜೆ ನನ್ನ ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಒಂದು ಒಣ ತಲೆಬುರುಡೆ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಹತ್ತಿ ಸುತ್ತಿದ ಕಡ್ಡಿಯಲ್ಲಿ ತೂತು ಹುಡುಕು ಅಂದರು. ಎಡಗಡೆ ಸಿಕ್ಕ ಜಾಗದಲ್ಲೇ ಬಲಗಡೆ ಸಿಗಲಿಲ್ಲ. ಇನ್ನೊಂದು ಬುರುಡೆ ಕೊಟ್ಟರು, ಅದರಲ್ಲಿ ಮತ್ತೂ ಬೇರೆ. ಪುಸ್ತಕದಲ್ಲಿ ಬರೆದದ್ದು ಸರಾಸರಿ, ನಿನ್ನ ಮುಂದೆ ಕೂತವರು ಸರಾಸರಿ ಅಲ್ಲ ಅಂತ ಅವರು ಅವತ್ತು ಹೇಳಿದ್ದು. ಅದಕ್ಕೇ ನಾನು ಇವತ್ತಿಗೂ ಅಳತೆ ನಂಬಿ ಚುಚ್ಚುವುದಿಲ್ಲ. ಕಡ್ಡಿಯಲ್ಲಿ ಒತ್ತಿಕೊಂಡು ಹೋಗಿ ತಗ್ಗು ಸಿಕ್ಕ ಮೇಲೆಯೇ ಸೂಜಿ ಎತ್ತುವುದು.

ಆ ಕಡ್ಡಿಗೆ ಇನ್ನೊಂದು ಕೆಲಸವೂ ಇದೆ. ಮೊದಲು ಜೋಮಿನ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಆಮೇಲೆ ಅದೇ ಜಾಗವನ್ನು ಕಡ್ಡಿಯಿಂದ ಬಿಳಿಚುವ ತನಕ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಒತ್ತಿಕೊಂಡಿರುವಾಗಲೇ ಪಕ್ಕದಲ್ಲಿ ಸೂಜಿ ಮೊನೆ ಇಟ್ಟು ಹನಿ ಹನಿಯಾಗಿ ಬಿಡಬೇಕು. ಮೊಣಕಾಲು ತಗುಲಿಸಿಕೊಂಡಾಗ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲ, ಅದೇ ಉಪಾಯ. ಒತ್ತಿದ ಅರಿವು ನೋವಿನ ಅರಿವನ್ನು ಹಿಂದಕ್ಕೆ ತಳ್ಳುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ಇದಕ್ಕೆ ನರಗಳ ಲೆಕ್ಕದಲ್ಲಿ ವಿವರಣೆ ಕೊಟ್ಟರು. ಇಷ್ಟಕ್ಕೆಲ್ಲ ಬೇಕಾದದ್ದು ಮೂರು ನಿಮಿಷ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಆ ಮೂರು ನಿಮಿಷ ಕೊಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಪ್ಪಿಸೋಕೆ ಆಗಲ್ವಾ ಅಂತ ಕೇಳಿದ್ದೀರಿ. ಕೆಲವು ಸಲ ಆಗುತ್ತದೆ. ಆರ್ಟಿಕೇನ್ ಅನ್ನುವ ಔಷಧಿ ಮೂಳೆಯೊಳಗೆ ಚೆನ್ನಾಗಿ ಹರಡುತ್ತದೆ. ಅದನ್ನು ಹೊರಗಡೆ ಮಾತ್ರ ಕೊಟ್ಟು, ಸ್ವಲ್ಪ ಹೊತ್ತು ಕಾದು, ಅಂಗುಳಕ್ಕೆ ಚುಚ್ಚದೆಯೇ ಹಲ್ಲು ತೆಗೆಯುವುದು ಎಷ್ಟೋ ಜನರಲ್ಲಿ ಸಾಧ್ಯವಾಗಿದೆ. ಎಲ್ಲರಿಗೂ ಆಗುತ್ತದೆ ಅಂತ ಭರವಸೆ ಕೊಡಲಾರೆ. ಔಷಧಿಯನ್ನು ತೀರಾ ನಿಧಾನವಾಗಿ ಬಿಡುವ ಕಂಪ್ಯೂಟರ್ ಯಂತ್ರಗಳೂ ಬಂದಿವೆ. ಅವು ಎಲ್ಲ ಕಡೆ ಇರುವುದಿಲ್ಲ. ನಿಮ್ಮ ಡಾಕ್ಟರನ್ನು ಸಂಕೋಚ ಇಲ್ಲದೆ ಕೇಳಿ. ‘ಹೋದ ಸಲ ಹೀಗೆ ಹೀಗೆ ಆಯ್ತು. ಈ ಸಲ ಮೊದಲು ಜೆಲ್ ಹಚ್ಚಿ, ಸಂದಿಯಿಂದ ನಿಧಾನಕ್ಕೆ ಕೊಡ್ತೀರಾ?’ ಅಂದರೆ ಒಳ್ಳೆಯ ಡಾಕ್ಟರ್ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಿಪಿ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಬಸಿರು, ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಹೋಗಿದ್ದು, ಇದ್ದರೆ ಮೊದಲೇ ಹೇಳಿಬಿಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಂಜೆಕ್ಷನ್ ಆದ ತಕ್ಷಣ ಎದೆ ಸ್ವಲ್ಪ ಡವಡವ ಅಂದರೆ ಗಾಬರಿ ಬೇಡ, ಅದು ಅಡ್ರಿನಲಿನ್‌ದು, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಅಲ್ಲೇ ಹೇಳಿ. ಜೋಮು 3-4 ಗಂಟೆ ಇರಬಹುದು. ಅದು ಬಿಡುವ ತನಕ ಬಿಸಿ ಸಾರು, ಬಿಸಿ ಮುದ್ದೆ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಅತ್ತೆಯವರ ಉರಿ. ‘ತ’ ಅಂದು ನಾಲಿಗೆ ಹಿಂದೆ ಸರಿಸಿದಾಗ ನಿಮಗೆ ಸಿಕ್ಕಿತಲ್ಲ ಅಕ್ಕಿಕಾಳಿನ ಉಬ್ಬು, ಅವರ ತೊಂದರೆಯೂ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಹಲ್ಲು ಹೋದ ಮೇಲೆ ವರ್ಷ ಕಳೆದ ಹಾಗೆ ಮುಂದಿನ ದವಡೆ ಮೂಳೆ ಸವೆಯುತ್ತದೆ. ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಅದು ಒಸಡಿನ ದಿಣ್ಣೆಯ ತುದಿಗೇ ಬಂದ ಹಾಗೆ ಕಾಣುತ್ತದೆ. ಸೆಟ್ಟು ಹಾಕಿ ಅಗಿದಾಗಲೆಲ್ಲ ಅದು ಉಬ್ಬಿನ ಕೆಳಗಿನ ನರವನ್ನೇ ಅದುಮುತ್ತದೆ. ಅವರನ್ನು ಸೆಟ್ಟಿನ ಜೊತೆಯಲ್ಲೇ ಕರೆದುಕೊಂಡು ಹೋಗಿ. ಡಾಕ್ಟರ್ ಆ ಉಬ್ಬು ಕೂರುವ ಜಾಗದಲ್ಲಿ ಸೆಟ್ಟನ್ನು ಒಳಗಿನಿಂದ ಚೂರೇ ಚೂರು ಉಜ್ಜಿ ಗುಳಿ ಮಾಡಿಕೊಡುತ್ತಾರೆ. ಹತ್ತು ನಿಮಿಷದ ಕೆಲಸ, ಸೂಜಿ ಬೇಕಾಗಿಲ್ಲ. ಮನೆಯಲ್ಲಿ ನೀವೇ ಚಾಕುವಿನಿಂದ ಕೆರೆಯಲು ಹೋಗಬೇಡಿ, ಸೆಟ್ಟು ಮುರಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಮಲಗುವಾಗ ಸೆಟ್ಟು ತೆಗೆದು ನೀರಿನಲ್ಲಿ ಹಾಕಿಡಲಿ.